ಚಳಿಗಾಲದ ವಾರಾಂತ್ಯಕ್ಕೆ ಮಡಿಕೇರಿಗೆ ಗೆಳೆಯರು ಬರುತ್ತಿದ್ದಾರಾ? ಗಾಳಿ ನೋಡಿಕೊಂಡು ಹೀಗೆ ತಯಾರಾಗಿ

ಡಿಸೆಂಬರ್ ಬಂತೆಂದರೆ ಮಡಿಕೇರಿಯಲ್ಲಿ ಮನೆ ಇರುವವರಿಗೆಲ್ಲ ಫೋನ್ ಬರಲು ಶುರು. "ಈ ಶನಿವಾರ ಭಾನುವಾರ ಬರ್ತೀವಿ ಮಾರಾಯ, ಊರಲ್ಲಿರ್ತೀಯಾ?" ಬರಲಿ, ಅದಕ್ಕಿಂತ ಖುಷಿ ಏನಿದೆ. ಆದರೆ ಬೆಂಗಳೂರು, ಮೈಸೂರಿನಿಂದ ಬರುವವರು ಮಂಜು ನೋಡುವ ಆಸೆಯಲ್ಲಿ ಬರುತ್ತಾರೆ. ಗಾಳಿಯ ವಿಷಯ ಅವರಿಗೆ ಯಾರೂ ಹೇಳಿರುವುದಿಲ್ಲ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಬೆಂಗಳೂರು 920 ಮೀಟರ್. ಲೆಕ್ಕ ಹಾಕಿದರೆ ವ್ಯತ್ಯಾಸ 200 ಮೀಟರ್ ಚಿಲ್ಲರೆ ಮಾತ್ರ. ಹಾಗಾಗಿ ಬೆಂಗಳೂರಿನವರು "ನಮ್ಮಲ್ಲೂ ಚಳಿ ಇದೆಯಲ್ಲ" ಅಂತ ಒಂದು ತೆಳು ಸ್ವೆಟರ್ ಹಾಕಿಕೊಂಡು ಬಂದುಬಿಡುತ್ತಾರೆ. ಆದರೆ ನಮ್ಮೂರು ಕೂತಿರುವುದು ಬೆಟ್ಟದ ಏಣಿನ ಮೇಲೆ. ಮಳೆಗಾಲದಲ್ಲಿ ಪಡುವಣ ಗಾಳಿ ಮಳೆ ಹೊತ್ತು ತಂದರೆ, ಚಳಿಗಾಲದಲ್ಲಿ ಮೂಡಣದಿಂದ ಒಣ ಗಾಳಿ ಬೀಸುತ್ತದೆ. ಉಷ್ಣಾಂಶ 10 ಡಿಗ್ರಿ ಇದ್ದು, ಗಾಳಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬೀಸಿದರೆ, ಮೈಗೆ ಅದು ಆರೂವರೆ ಡಿಗ್ರಿಯ ಚಳಿಯ ಹಾಗೆ ತಟ್ಟುತ್ತದೆ. ನಮ್ಮ ಮೈಯನ್ನು ಸುತ್ತಿಕೊಂಡಿರುವ ಬೆಚ್ಚನೆ ಗಾಳಿಯ ಪದರವನ್ನು ಬೀಸುವ ಗಾಳಿ ಕಿತ್ತುಕೊಂಡು ಹೋಗುತ್ತಲೇ ಇರುತ್ತದೆ, ಅದಕ್ಕೆ.

ಆದ್ದರಿಂದ ನನ್ನ ಮಾತು ಇಷ್ಟೇ. ಎರಡು ದಿನದ ಯೋಜನೆಯನ್ನು ಜಾಗಗಳ ಪಟ್ಟಿ ಹಿಡಿದು ಮಾಡಬೇಡಿ, ಗಾಳಿ ನೋಡಿ ಮಾಡಿ. ಮನೆ ಬೆಚ್ಚಗಿರಲಿ, ತಿರುಗಾಟ ಕಮ್ಮಿ ಇರಲಿ.

ಮೊದಲು ವಾರ ಆರಿಸಿ

ಗೆಳೆಯರು ದಿನ ಕೇಳಿದರೆ ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬೇಡ ಅಂತ ನೇರವಾಗಿ ಹೇಳಿ. ಆ ವಾರ ಪೇಟೆಯ ರಸ್ತೆಗಳಲ್ಲಿ ಕಾರು ಕದಲುವುದಿಲ್ಲ. ಸೂರ್ಯಾಸ್ತ ನೋಡುವ ರಾಜಾಸೀಟಿನ ಹತ್ತಿರ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಸೂರ್ಯ ಮುಳುಗಿರುತ್ತಾನೆ. ಗಣರಾಜ್ಯೋತ್ಸವಕ್ಕೆ ರಜೆ ಸೇರಿಕೊಂಡ ವಾರಾಂತ್ಯವೂ ಹಾಗೆಯೇ.

ನವೆಂಬರ್ ಕೊನೆ ಇಲ್ಲವೇ ಡಿಸೆಂಬರಿನಲ್ಲಿ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಬರುತ್ತದೆ. ಅದರ ದಿನ, ಮುಹೂರ್ತ ಗೊತ್ತಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ. ನಿಮ್ಮದು ಪುತ್ತರಿ ಮಾಡುವ ಮನೆಯಾದರೆ ಆ ದಿನಗಳಲ್ಲಿ ಐನ್‌ಮನೆ (ಮನೆತನದ ಮೂಲ ಮನೆ), ಕದಿರು (ಭತ್ತದ ತೆನೆ), ಕೋಲಾಟ ಅಂತ ನಿಮಗೇ ಬಿಡುವಿರುವುದಿಲ್ಲ. ಆದರೆ ಒಬ್ಬಿಬ್ಬರು ಆಪ್ತರು ಮಾತ್ರ ಬರುವುದಾದರೆ ಅದೇ ಹೊತ್ತಿಗೆ ಕರೆಯಿರಿ. ರಾತ್ರಿ ಗದ್ದೆಗೆ ಹೋಗಿ "ಪೊಲಿ ಪೊಲಿ ದೇವಾ" ಎನ್ನುತ್ತಾ ಕದಿರು ತೆಗೆಯುವುದನ್ನು ನೋಡಿದವರು, ಹಬ್ಬದ ಸಿಹಿ ತಂಬುಟ್ಟು ತಿಂದವರು, ಬೇರೆ ಯಾವ ಜಾಗವನ್ನೂ ಕೇಳುವುದಿಲ್ಲ.

ನನ್ನ ಆಯ್ಕೆ ಕೇಳಿದರೆ ಜನವರಿಯ ಎರಡನೇ, ಮೂರನೇ ವಾರ. ಹೊಸ ವರ್ಷದ ಜನ ಇಳಿದಿರುತ್ತಾರೆ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದು ರೊಬಸ್ಟಾ ಶುರುವಾಗಿರುತ್ತದೆ. ಕಿತ್ತಳೆ ಸಿಗುತ್ತದೆ. ಜಿಗಣೆಯ ಕಾಟವಿಲ್ಲ. ಆಕಾಶ ತಿಳಿಯಾಗಿರುತ್ತದೆ.

ಬರುವವರಿಗೆ ಫೋನಿನಲ್ಲೇ ಹೇಳಿಬಿಡಿ

"ಜಾಕೆಟ್ ಬೇಕಾ?" ಅಂತ ಕೇಳಿದರೆ "ಬೇಕು" ಅಂದರೆ ಸಾಲದು. ಎಂಥ ಜಾಕೆಟ್ ಅಂತ ಹೇಳಿ. ಕೈಯಲ್ಲಿ ಹೆಣೆದ ಉಣ್ಣೆ ಸ್ವೆಟರ್ ಎಷ್ಟೇ ದಪ್ಪ ಇರಲಿ, ಗಾಳಿ ಅದರ ಕಣ್ಣುಗಳೊಳಗೆ ನುಗ್ಗುತ್ತದೆ. ಅದರ ಮೇಲೆ ತೆಳುವಾದ ಒಂದು ರೇನ್‌ಕೋಟ್ ಹಾಕಿಕೊಂಡರೂ ಸಾಕು, ಚಳಿ ಅರ್ಧಕ್ಕರ್ಧ ಕಮ್ಮಿಯಾದ ಹಾಗೆ ಅನಿಸುತ್ತದೆ. ಗಾಳಿ ತಡೆಯುವ ಬಟ್ಟೆ ಹೊರಗೆ, ಬೆಚ್ಚನೆ ಬಟ್ಟೆ ಒಳಗೆ. ಕಿವಿ ಮುಚ್ಚುವ ಟೋಪಿ, ಕಾಲುಚೀಲ, ಮೂಗು ಬಾಯಿ ಮುಚ್ಚಿಕೊಳ್ಳಲು ಒಂದು ಶಾಲು. ಮಕ್ಕಳಿದ್ದರೆ ಟೋಪಿ ಎರಡು ಇರಲಿ, ಒಂದು ಕಳೆದೇ ಹೋಗುತ್ತದೆ. ಉಬ್ಬಸ ಇರುವವರು ಇನ್‌ಹೇಲರ್ ಮರೆಯಬಾರದು. ತಣ್ಣನೆ ಒಣ ಗಾಳಿ ಮುಖಕ್ಕೆ ಹೊಡೆದರೆ ಎದೆ ಬಿಗಿಯುತ್ತದೆ.

ಇನ್ನು ದಾರಿ. ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು ಬಸ್ ಹಿಡಿಯಬಹುದು. ಬೆಂಗಳೂರಿನಿಂದ ನೇರ ಬಸ್ಸುಗಳು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಹೊರಡುತ್ತವೆ. ಕಾರಿನಲ್ಲಾದರೆ ಸುಮಾರು 265 ಕಿಲೋಮೀಟರ್. ಮೈಸೂರು ದಾಟಿ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಸುಂಟಿಕೊಪ್ಪ. ಬೈಕಿನಲ್ಲಿ ಬರುವವರಿಗೆ ಒಂದು ಮಾತು: 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನ ಬಿಡುವುದಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲೇ ಬರಬೇಕು, ಅದಕ್ಕೆ ಹೊತ್ತು ಜಾಸ್ತಿ ಹಿಡಿಯುತ್ತದೆ.

ಶುಕ್ರವಾರ ಆಫೀಸು ಮುಗಿಸಿ ಹೊರಡುತ್ತೇವೆ ಅಂದರೆ ಬೇಡ ಅನ್ನಿ. ಬೆಂಗಳೂರು ದಾಟುವುದರಲ್ಲೇ ರಾತ್ರಿಯಾಗುತ್ತದೆ. ಕುಶಾಲನಗರ ದಾಟಿದ ಮೇಲೆ ಆನೆಕಾಡು, ಆಮೇಲೆ ತಿರುವುಗಳು. ದಣಿದ ಕಣ್ಣಿಗೆ ಆ ದಾರಿ ಒಳ್ಳೆಯದಲ್ಲ. ಶನಿವಾರ ಬೆಳಗಿನ ಜಾವ ಐದಕ್ಕೆ ಹೊರಟರೆ ದಾರಿಯಲ್ಲಿ ತಿಂಡಿ ತಿಂದು ಹನ್ನೊಂದರ ಹೊತ್ತಿಗೆ ಆರಾಮಾಗಿ ಮನೆ ಸೇರುತ್ತಾರೆ. ಕುಶಾಲನಗರದಿಂದ ಮಡಿಕೇರಿವರೆಗಿನ 30 ಕಿಲೋಮೀಟರ್‌ನಲ್ಲಿ ಹೊಟ್ಟೆ ತೊಳಸುವವರು ಜಾಸ್ತಿ. ಅಂಥವರು ಮುಂದಿನ ಸೀಟಿನಲ್ಲಿ ಕೂರಲಿ, ತಿಂಡಿ ಮಿತವಾಗಿ ತಿನ್ನಲಿ.

ಇನ್ನೊಂದು ಪ್ರಶ್ನೆ ಫೋನಿನಲ್ಲೇ ಮುಗಿಸಿಕೊಳ್ಳಿ: ಯಾರು ಹಂದಿ ತಿನ್ನುತ್ತಾರೆ, ಯಾರು ತಿನ್ನುವುದಿಲ್ಲ, ಯಾರು ಸಸ್ಯಾಹಾರಿ. ಊಟಕ್ಕೆ ಕೂತ ಮೇಲೆ ಕೇಳಿದರೆ ಇಬ್ಬರಿಗೂ ಮುಜುಗರ.

ಮನೆಯೊಳಗೆ ಗಾಳಿ ಬರದ ಹಾಗೆ

ಇದಕ್ಕೆ ಗುರುವಾರವೇ ಕೈ ಹಾಕಿ. ನಮಗೆ ಅಭ್ಯಾಸವಾಗಿ ಹೋಗಿರುವುದರಿಂದ ಗಾಳಿ ಎಲ್ಲಿಂದ ಬರುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಸಂಜೆ ಗಾಳಿ ಎದ್ದ ಮೇಲೆ ಒಂದು ಊದುಬತ್ತಿ ಹಚ್ಚಿ. ಗೆಳೆಯರು ಮಲಗುವ ಕೋಣೆಗೆ ಹೋಗಿ, ಫ್ಯಾನು ಆರಿಸಿ, ಬಾಗಿಲು ಮುಚ್ಚಿ. ಪರದೆಗೆ ಕಿಡಿ ತಾಗದ ಹಾಗೆ ಅದನ್ನು ಪಕ್ಕಕ್ಕೆ ಸರಿಸಿ, ಊದುಬತ್ತಿಯನ್ನು ಕಿಟಕಿಯ ಚೌಕಟ್ಟಿನ ಉದ್ದಕ್ಕೂ ನಿಧಾನ ಆಡಿಸಿ. ಹೊಗೆ ನೆಟ್ಟಗೆ ಏರುತ್ತಿದ್ದರೆ ಅಲ್ಲಿ ಸಂದಿಲ್ಲ. ಫಕ್ಕನೆ ಒಳಗಡೆಗೆ ಬಾಗಿದರೆ ಅಲ್ಲೇ ಗಾಳಿ ನುಗ್ಗುತ್ತಿದೆ. ಹಳೆಯ ಮರದ ಕಿಟಕಿಗಳಲ್ಲಿ ಎರಡು ಬಾಗಿಲು ಸೇರುವ ನಡುಗೆರೆಯಲ್ಲಿ, ಕೆಳಗಿನ ಚಿಲಕದ ತೂತಿನಲ್ಲಿ ಹೊಗೆ ಬಾಗುವುದು ಜಾಸ್ತಿ. ಸೀಸಕಡ್ಡಿಯಲ್ಲಿ ಅಲ್ಲೊಂದು ಗುರುತು ಹಾಕುತ್ತಾ ಹೋಗಿ.

ಗುರುತು ಹಾಕಿದ ಕಡೆಯೆಲ್ಲ ಪತ್ರಿಕೆಯ ಹಾಳೆಯನ್ನು ಪಟ್ಟಿಯಾಗಿ ಮಡಿಸಿ, ಬೆಣ್ಣೆ ಚಾಕುವಿನ ಮೊಂಡ ತುದಿಯಿಂದ ಸಂದಿಗೆ ತುರುಕಿ. ದೊಡ್ಡ ಸಂದಿಗೆ ಹಳೆ ಪಂಚೆಯ ಚೂರು. ಬಾಗಿಲ ಕೆಳಗಿನ ಸಂದಿಗೆ ಹಳೆ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಳಗೆ ಮರಳೋ ಭತ್ತದ ಹೊಟ್ಟೋ ತುಂಬಿ ಎರಡೂ ತುದಿ ಹೊಲಿದರೆ ಆಯಿತು. ಖರ್ಚಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಗೋಡೆಯ ಮೇಲಿನ ವೆಂಟಿಲೇಟರನ್ನು ಪೂರ್ತಿ ಮುಚ್ಚಬೇಡಿ. ಐದಾರು ಜನ ಮಲಗುವ ಕೋಣೆಗೆ ಉಸಿರಾಡಲು ಒಂದು ದಾರಿ ಬೇಕು.

ಸದ್ದಿನ ಕಡೆಗೂ ಗಮನ ಕೊಡಿ. ನಮಗೆ ಶೀಟು ಬಡಿದುಕೊಳ್ಳುವುದು ಕೇಳಿಸುವುದೇ ಇಲ್ಲ, ಹೊಸಬರಿಗೆ ಅದೇ ದೊಡ್ಡ ಭಯ. ಸೌದೆ ಕೊಟ್ಟಿಗೆಯ ಸಡಿಲ ಶೀಟಿಗೆ ಒಂದು ಮೊಳೆ, ಅಲುಗುವ ಕಿಟಕಿಗೆ ಮಡಿಸಿದ ರಟ್ಟು, ಅಂಗಳದ ಬಕೆಟ್ಟು, ಹೂಕುಂಡ ಒಳಗೆ. ಒಗೆದ ಬಟ್ಟೆಗೆ ಕ್ಲಿಪ್ಪು ಹಾಕಲು ಹೇಳಿ, ಇಲ್ಲದಿದ್ದರೆ ಪಕ್ಕದ ತೋಟದಲ್ಲಿ ಹುಡುಕಬೇಕಾಗುತ್ತದೆ.

ಹಾಸಿಗೆಯ ವಿಷಯ. ಮಳೆಗಾಲವಿಡೀ ಪೆಟ್ಟಿಗೆಯಲ್ಲಿದ್ದ ಕಂಬಳಿ, ರಗ್ಗುಗಳಿಗೆ ಬೂಷ್ಟಿನ ವಾಸನೆ ಬಂದಿರುತ್ತದೆ. ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಕೊಡವಿ, ಬಿಸಿಲಿರುವಾಗಲೇ ಮಡಿಸಿ ಒಳಗಿಡಿ. ನೆಲದ ಮೇಲೆ ಮಲಗಿಸುವುದಾದರೆ ಮೊದಲು ಚಾಪೆ, ಅದರ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಒಂದು ಕಂಬಳಿ, ಆಮೇಲೆ ಹೊದಿಕೆ. ಮೇಲೆ ನಾಲ್ಕು ಹೊದ್ದರೂ ಕೆಳಗಿನ ನೆಲ ತಣ್ಣಗಿದ್ದರೆ ಬೆನ್ನು ನಡುಗುತ್ತಲೇ ಇರುತ್ತದೆ. ಕೆಳಗಿನ ಕಂಬಳಿಗೆ ಮೇಲಿನದಕ್ಕಿಂತ ಬೆಲೆ ಜಾಸ್ತಿ. ತಲೆ ಕಿಟಕಿಯ ಕಡೆ ಬರದ ಹಾಗೆ ಹಾಸಿ.

ಬೆಂಕಿ, ಬಿಸಿನೀರು: ಇಲ್ಲಿ ರಾಜಿ ಬೇಡ

ಮುಚ್ಚಿದ ಕೋಣೆಯೊಳಗೆ ಕೆಂಡದ ಬಾಣಲೆ ಇಡಬೇಡಿ. ಯಾರು ಎಷ್ಟು ಕೇಳಿಕೊಂಡರೂ ಬೇಡ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಗಾಳಿ ಬರಬಾರದೆಂದು ನಾವೇ ಸಂದುಗಳನ್ನು ಮುಚ್ಚಿರುವಾಗ ಅಪಾಯ ಇನ್ನೂ ಜಾಸ್ತಿ. ಗ್ಯಾಸ್ ಗೀಸರ್ ಬಚ್ಚಲೊಳಗೇ ಇದ್ದರೂ ಇದೇ ಮಾತು. ಅದರ ಕಿಟಕಿ ತೆರೆದೇ ಇರಲಿ, ಮೊದಲು ಬಕೆಟ್ಟಿಗೆ ನೀರು ತುಂಬಿಕೊಂಡು ಗೀಸರ್ ಆರಿಸಿ, ಆಮೇಲೆ ಸ್ನಾನ. ಬಂದವರಿಗೆ ಇದನ್ನು ಬಾಯಿಬಿಟ್ಟು ಹೇಳಿ. ಚಳಿಗೆ ಅವರು ಮೊದಲು ಮಾಡುವುದೇ ಆ ಕಿಟಕಿ ಮುಚ್ಚುವುದು.

ಕರೆಂಟಿನ ಹೀಟರ್ ಇದ್ದರೆ ಒಳ್ಳೆಯದು. ಆದರೆ 2,000 ವಾಟ್‌ನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಎಕ್ಸ್‌ಟೆನ್ಶನ್ ಬಾಕ್ಸಿಗೆ ಅದನ್ನು ಸಿಕ್ಕಿಸಿದರೆ ವೈರು ಕಾಯುತ್ತದೆ. ದಪ್ಪ ಪಿನ್ನಿನ ಪವರ್ ಪ್ಲಗ್ಗಿಗೇ ಹಾಕಿ, ಮಲಗುವ ಮೊದಲು ಆರಿಸಿ.

ಸೋಲಾರ್ ನೀರು ನಂಬಿ ಎಲ್ಲರಿಗೂ ಬೆಳಿಗ್ಗೆ ಸ್ನಾನ ಅಂದುಕೊಳ್ಳಬೇಡಿ. ದೊಡ್ಡವರು ಸಂಜೆ ಐದಕ್ಕೆ ಸ್ನಾನ ಮುಗಿಸಲಿ, ನೀರೂ ಬಿಸಿ ಇರುತ್ತದೆ, ಬೆಳಗಿನ ಸರದಿಯೂ ತಪ್ಪುತ್ತದೆ. ಹಂಡೆ ಒಲೆ ಇರುವ ಮನೆಯವರಿಗೆ ಈ ಚಿಂತೆಯಿಲ್ಲ. ಕಾಫಿ ಗಿಡದ ಒಣ ಸೌದೆ ಗಟ್ಟಿ, ನಿಧಾನ ಉರಿಯುತ್ತದೆ. ರಾತ್ರಿಯೇ ತುಂಬಿಸಿಟ್ಟು ಆರಕ್ಕೆ ಬೆಂಕಿ ಹಾಕಿ.

ಅಂಗಳದಲ್ಲಿ ಕ್ಯಾಂಪ್ ಫೈರ್ ಬೇಕು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಗಾಳಿ ನಿಂತಿದ್ದರೆ ಮಾತ್ರ ಹಾಕಿ. ಮನೆಯ ಗೋಡೆ ಗಾಳಿಗೆ ಅಡ್ಡವಾಗುವ ಕಡೆ ಜಾಗ ಆರಿಸಿ. ಸಿಲ್ವರ್ ಓಕ್ ತರಗೆಲೆ ಗುಡಿಸಿ, ಎರಡು ಬಕೆಟ್ ನೀರು ಪಕ್ಕದಲ್ಲಿಡಿ. ಕಿಡಿ ಹಾರಿ ತೋಟಕ್ಕೆ ಬಿದ್ದರೆ ವರ್ಷದ ಬೆಳೆ ಹೋಗುತ್ತದೆ. ಗಾಳಿ ಎದ್ದಿದ್ದರೆ ಎಲ್ಲರನ್ನೂ ಅಡುಗೆಮನೆಗೆ ಕರೆಯಿರಿ. ಒಲೆಯ ಮುಂದೆ ಕೂತು ಮಾತಾಡುವ ಸುಖ ಎಲ್ಲಿ ಸಿಗುತ್ತದೆ, ಅಲ್ವಾ?

ಶುಕ್ರವಾರವೇ ಒಲೆ ಹಚ್ಚಿ

ಶುಕ್ರವಾರ ಮಡಿಕೇರಿಯ ಸಂತೆ. ತರಕಾರಿ, ಸೊಪ್ಪು, ಸೂಜಿ ಮೆಣಸು, ಬೆಲ್ಲ ಅಲ್ಲೇ ತಂದುಬಿಡಿ. ಕಿತ್ತಳೆ ಕೊಳ್ಳುವಾಗ ಸ್ವಲ್ಪ ನೋಡಿ. ನಾಗಪುರದ ಹಣ್ಣು ಕೆಂಪಗೆ ಹೊಳೆಯುತ್ತದೆ, ಸಿಪ್ಪೆ ಸಡಿಲ. ನಮ್ಮ ಕೊಡಗಿನದು ಹಸಿರು ಬೆರೆತ ಹಳದಿ, ಸಿಪ್ಪೆ ಬಿಗಿ, ಸಿಹಿಯ ಜೊತೆ ಹುಳಿ. ನೋಡಲು ಅಷ್ಟಕ್ಕಷ್ಟೇ, ಬಾಯಿಗಿಟ್ಟರೆ ಗೊತ್ತಾಗುತ್ತದೆ.

ಪಂದಿ ಕರಿಯನ್ನು, ಅಂದರೆ ಹಂದಿ ಮಾಂಸದ ಸಾರನ್ನು, ಶುಕ್ರವಾರ ಸಂಜೆಯೇ ಮಾಡಿಡಿ. ಮರುದಿನ ಬಿಸಿ ಮಾಡಿದಾಗಲೇ ಅದರ ನಿಜವಾದ ರುಚಿ. ಜೊತೆಗೆ, ಗೆಳೆಯರು ಬಂದ ಹೊತ್ತಿನಲ್ಲಿ ನೀವು ಅಡುಗೆಮನೆಯಲ್ಲಿ ಸಿಕ್ಕಿಕೊಂಡಿರುವುದಿಲ್ಲ. ಕೊಬ್ಬು, ಚರ್ಮ ಇರುವ ಒಂದು ಕಿಲೋ ಮಾಂಸವನ್ನು ಸಣ್ಣಗೆ ತುಂಡು ಮಾಡಿಸಿ. ಉಪ್ಪು, ಅರಿಶಿನ, ಖಾರದ ಪುಡಿ ಹಚ್ಚಿ ಅರ್ಧ ಗಂಟೆ ಬಿಡಿ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸನ್ನು ತರಿತರಿ ಜಜ್ಜಿ ಮಾಂಸಕ್ಕೆ ಸೇರಿಸಿ, ಚೂರೇ ನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಲು ಬಿಡಿ. ಕೊಬ್ಬು ಕರಗಿ ಮಾಂಸ ಅದರಲ್ಲೇ ಬೇಯಬೇಕು, ಅವಸರ ಮಾಡಬಾರದು.

ಅದು ಬೇಯುವಾಗ ಕರಿಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆ, ನಾಲ್ಕೇ ಕಾಳು ಮೆಂತ್ಯ ಬೇರೆಬೇರೆಯಾಗಿ ಹುರಿಯಿರಿ. ಬಣ್ಣ ಕಪ್ಪಗೆ ತಿರುಗಬೇಕು, ಸುಟ್ಟ ವಾಸನೆ ಬರಬಾರದು. ಈ ಎರಡರ ನಡುವೆ ಇರುವುದು ಕೆಲವೇ ಕ್ಷಣ, ಬಾಣಲೆ ಬಿಟ್ಟು ಆಚೆ ಹೋಗಬೇಡಿ. ಪುಡಿ ಮಾಡಿ ಬೆಂದ ಮಾಂಸಕ್ಕೆ ಹಾಕಿ. ಕಾಚಂಪುಳಿ, ನಮ್ಮ ಕಡೆಯ ಕಪ್ಪು ಹುಳಿ ರಸ, ಕೊನೆಗೆ. ಒಂದೊಂದು ಕಾಚಂಪುಳಿಯ ಹುಳಿ ಒಂದೊಂದು ಥರ, ಹಾಗಾಗಿ ಮೊದಲು ಒಂದು ಟೀ ಚಮಚ ಹಾಕಿ, ಹತ್ತು ನಿಮಿಷ ಕುದಿಸಿ, ರುಚಿ ನೋಡಿ ಮುಂದುವರಿಯಿರಿ.

ಕಡಂಬುಟ್ಟು ಮಾತ್ರ ಶನಿವಾರ ಬಿಸಿಬಿಸಿ ಆಗಬೇಕು. ಒಂದು ಲೋಟ ಅಕ್ಕಿ ತರಿಗೆ ಎರಡು ಲೋಟ ಕುದಿನೀರು, ಉಪ್ಪು, ಒಂದು ಚಮಚ ತುಪ್ಪ. ಗಂಟಾಗದ ಹಾಗೆ ಕೈಯಾಡಿಸಿ ಬೇಯಿಸಿ, ಸ್ವಲ್ಪ ಆರಿದ ಮೇಲೆ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಇಪ್ಪತ್ತು ನಿಮಿಷ ಹಬೆಯಲ್ಲಿ ಇಡಿ. ಉಂಡೆ ಕಟ್ಟುವ ಕೆಲಸಕ್ಕೆ ಬಂದವರನ್ನೂ ಕೂರಿಸಿ. ಮಕ್ಕಳಿಗಂತೂ ಅದೇ ದೊಡ್ಡ ಆಟ.

ಹಂದಿ ತಿನ್ನದವರಿಗೆ ಕೋಳಿ ಕರಿ, ನೂಪುಟ್ಟು (ಅಕ್ಕಿ ಶಾವಿಗೆ). ಸಸ್ಯಾಹಾರಿಗಳಿಗೆ ಅಕ್ಕಿ ಒಟ್ಟಿ (ರೊಟ್ಟಿ), ಎಳ್ಳು ಪಜ್ಜಿ (ಚಟ್ನಿ), ಕುಂಬಳಕಾಯಿ ಕರಿ, ಮೇಲೆ ತುಪ್ಪ. ಸಸ್ಯಾಹಾರಿಗಳ ಪಾಲು ಸುಮ್ನೆ ನೆಪಕ್ಕೆ ಇದ್ದ ಹಾಗೆ ಆಗಬಾರದು. ಒಟ್ಟಿಯನ್ನು ಕೆಂಡದ ಮೇಲೆ ಉಬ್ಬಿಸಿ ಕೊಟ್ಟರೆ ಮಾಂಸ ತಿನ್ನುವವರೂ ಆ ಕಡೆಗೇ ಕೈ ಚಾಚುತ್ತಾರೆ.

ಶನಿವಾರ: ಊರೊಳಗೇ ಇರಿ

ಆರು ಗಂಟೆ ಪ್ರಯಾಣ ಮಾಡಿ ಬಂದವರನ್ನು ಮತ್ತೆ ಕಾರು ಹತ್ತಿಸಬೇಡಿ. ಊಟ ಆಗಲಿ, ಒಂದು ಗಳಿಗೆ ಮಲಗಲಿ. ಮೂರಕ್ಕೆ ಹೊರಡಿ.

ಮೊದಲು ಕೋಟೆ. ಕೊಡಗಿನ ಅರಸ ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು. ಅರಮನೆಗೆ ಈಗಿನ ರೂಪ ಬಂದಿದ್ದು ಇಮ್ಮಡಿ ಲಿಂಗರಾಜೇಂದ್ರನ ಕಾಲದಲ್ಲಿ, 1812ರಿಂದ 1814ರ ನಡುವೆ. ಅಂಗಳದ ಎರಡು ದೊಡ್ಡ ಆನೆಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ತೆಗೆಸಿಕೊಳ್ಳಲಿ. ಒಳಗಿನ ಹಳೇ ಇಗರ್ಜಿಯಲ್ಲೇ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಕೋಟೆಯಿಂದ ಇಳಿದರೆ ಓಂಕಾರೇಶ್ವರ ದೇವಸ್ಥಾನ, ಅದೇ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ಗುಮ್ಮಟ, ಮೂಲೆಯ ಮಿನಾರುಗಳು, ಎದುರಿಗೆ ಕೆರೆ. ಊರಿನ ತಗ್ಗಿನಲ್ಲಿರುವುದರಿಂದ ಗಾಳಿಯ ಹೊಡೆತ ಕಮ್ಮಿ, ವಯಸ್ಸಾದವರು ಕೆರೆಯ ಬದಿಯಲ್ಲಿ ಆರಾಮಾಗಿ ಕೂರಬಹುದು.

ಗಾಳಿ ತೀರಾ ಜಾಸ್ತಿ ಇದ್ದರೆ ಸನ್ನಿ ಸೈಡ್‌ಗೆ ಕರೆದೊಯ್ಯಿರಿ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ಅದು. 2021ರ ಫೆಬ್ರವರಿಯಿಂದ ಮ್ಯೂಸಿಯಂ ಆಗಿದೆ. ಗೋಡೆಯೊಳಗೆ ಬೆಚ್ಚಗೆ ಇರಬಹುದು, ನೋಡಲೂ ಬೇಕಾದಷ್ಟಿದೆ.

ರಾಜಾಸೀಟಿಗೆ ಐದೂ ಕಾಲರ ಹೊತ್ತಿಗೆ ಹೋಗಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ಆರೂ ಹತ್ತರ ಸುಮಾರಿಗೆ, ಜನವರಿ ಮಧ್ಯಕ್ಕೆ ಆರೂ ಇಪ್ಪತ್ತು. ಕಾರನ್ನು ದೂರದಲ್ಲೇ ನಿಲ್ಲಿಸಿ ನಡೆದುಕೊಂಡು ಹೋದರೆ ಹೊತ್ತು ಉಳಿಯುತ್ತದೆ. ಬಿಸಿಲಿದೆ ಅಂತ ಜಾಕೆಟ್ಟನ್ನು ಕಾರಿನಲ್ಲೇ ಬಿಟ್ಟು ಬರಲು ಬಿಡಬೇಡಿ. ಸೂರ್ಯ ಇಳಿದ ಮೇಲೆ ಚಳಿ ಬೇಗ ಏರುತ್ತದೆ, ಕಣಿವೆಗೆ ತೆರೆದ ಜಾಗವಾದ್ದರಿಂದ ಗಾಳಿಗೆ ತಡೆಯೇ ಇಲ್ಲ. ಚಿಕ್ಕ ಮಕ್ಕಳಿದ್ದರೆ ಸೂರ್ಯ ಮುಳುಗಿದ ಕೂಡಲೇ ಹೊರಟುಬಿಡಿ.

ಮನೆಗೆ ಬಂದ ಕೂಡಲೇ ಬೆಲ್ಲದ ಕಾಫಿ. ಊಟವಾದ ಮೇಲೆ, ಒಂಬತ್ತರ ಹೊತ್ತಿಗೆ, ಹತ್ತು ನಿಮಿಷ ಎಲ್ಲರನ್ನೂ ಹೊರಗೆ ಕರೆಯಿರಿ, ಗಾಳಿಗೆ ಗೋಡೆ ಮರೆಯಿರುವ ಕಡೆ. ಅಂಗಳದ ದೀಪ ಆರಿಸಿ. ಜನವರಿಯ ತಿಳಿ ರಾತ್ರಿಯಲ್ಲಿ ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರಾ ಎಲ್ಲವೂ ನೆತ್ತಿಯ ಆಸುಪಾಸಿನಲ್ಲೇ ಇರುತ್ತವೆ. ಪಂಚಾಂಗದಲ್ಲಿ ಹೆಸರು ಮಾತ್ರ ಓದಿದವರು ಎಷ್ಟೋ ಜನ. ಕೈ ತೋರಿಸಿ ಒಂದೊಂದನ್ನೇ ಹೇಳಿ.

ಭಾನುವಾರ: ಮರ ನೋಡಿ ತೀರ್ಮಾನಿಸಿ

ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಮಾಂದಲಪಟ್ಟಿ ಬೆಟ್ಟದ ಸೂರ್ಯೋದಯಕ್ಕೆ ಕರೆದೊಯ್ಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ದಿನದಲ್ಲೇ ಅತಿ ತಣ್ಣನೆಯ ಹೊತ್ತು ಅದು. ಕೊನೆಯ ದಾರಿಗೆ ತೆರೆದ ಜೀಪೇ ಗತಿ, ಗುಡ್ಡದ ತುದಿಯಲ್ಲಿ ನಿಲ್ಲಲೂ ಆಗದಂಥ ಗಾಳಿ. ಅಭ್ಯಾಸವಿಲ್ಲದವರು ಅಲ್ಲಿ ಬೆಟ್ಟ ನೋಡುವುದಿಲ್ಲ, ಜೀಪಿನೊಳಗೆ ಮುದುಡಿ ಕೂರುತ್ತಾರೆ.

ಅದರ ಬದಲು ಎಂಟಕ್ಕೆ ತಿಂಡಿ ತಿನ್ನುತ್ತಾ ಹೊರಗಿನ ಸಿಲ್ವರ್ ಓಕ್ ಮರಗಳನ್ನು ನೋಡಿ. ಅದರ ಎಲೆಯ ಅಡಿಭಾಗ ಬೆಳ್ಳಿಯ ಬಣ್ಣ. ಗಾಳಿಗೆ ಎಲೆ ಮಗುಚಿದಾಗ ಮರ ಬೆಳ್ಳಗೆ ಮಿಂಚುತ್ತದೆ. ತುದಿಯಲ್ಲಿ ಆಗೊಮ್ಮೆ ಈಗೊಮ್ಮೆ ಬಿಳುಪು ಕಂಡರೆ ಬೆಟ್ಟಕ್ಕೆ ಹೋಗಬಹುದು. ಇಡೀ ಮರ ಬಿಡದೆ ಬೆಳ್ಳಗೆ ಕಾಣುತ್ತಿದ್ದರೆ ಬೆಟ್ಟ ಬೇಡ, ತೋಟಕ್ಕೆ ಹೋಗಿ.

ಬೆಟ್ಟಕ್ಕೆ ಅಂತ ತೀರ್ಮಾನವಾದರೆ ಒಂಬತ್ತರ ನಂತರ ಮಾಂದಲಪಟ್ಟಿಗೆ ಹೊರಡಿ. ಒಣಗಾಲದಲ್ಲಿ ಜೀಪಿನ ದಾರಿ ಧೂಳೋ ಧೂಳು, ಮಾಸ್ಕ್ ಇರಲಿ. ಒಣ ಹುಲ್ಲಿನ ಗುಡ್ಡದಲ್ಲಿ ಸಿಗರೇಟು ಹಚ್ಚಬಾರದು ಅಂತ ಕಟ್ಟುನಿಟ್ಟಾಗಿ ಹೇಳಿ. ತಲಕಾವೇರಿಗೆ ಹೋಗುವುದಾದರೆ ಬೇಗ ಹೊರಟು, ಮೊದಲು ಭಾಗಮಂಡಲ, ಅಲ್ಲಿಂದ 8 ಕಿಲೋಮೀಟರ್ ಮೇಲಕ್ಕೆ. ಬರಿಗಾಲಲ್ಲಿ ಕಲ್ಲಿನ ಮೇಲೆ ನಿಲ್ಲಬೇಕಾದ್ದರಿಂದ ಬಿಸಿಲೇರಿದ ಮೇಲೆ ಸೇರುವ ಹಾಗೆ ಲೆಕ್ಕ ಹಾಕಿ. ಕೊಳದಲ್ಲಿ ಮುಳುಗುವ ಆಸೆ ಇದ್ದವರು ಒಣ ಬಟ್ಟೆ, ಟವೆಲ್ಲು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಲಿ. ಒದ್ದೆ ಬಟ್ಟೆಯಲ್ಲಿ ಆ ಗಾಳಿಗೆ ನಿಂತರೆ ಹುಷಾರು ತಪ್ಪುತ್ತದೆ. ಆದರೆ ಅದೇ ದಿನ ಬೆಂಗಳೂರಿಗೆ ಮರಳಬೇಕಾದವರಿಗೆ ತಲಕಾವೇರಿ ಬೇಡ ಅಂತಲೇ ನಾನು ಹೇಳುತ್ತೇನೆ. ಇನ್ನೊಂದು ದಿನ ಇರುವವರಿಗೆ ಮಾತ್ರ ಅದು ಸರಿ.

ನಿಜ ಹೇಳಬೇಕೆಂದರೆ ತೋಟವೇ ಒಳ್ಳೆಯದು. ನೆರಳು ಮರಗಳ ಕೆಳಗೆ ಗಾಳಿ ತಟ್ಟುವುದಿಲ್ಲ, ಮೇಲೆ ತುದಿಗಳಲ್ಲಿ ಮಾತ್ರ ಸದ್ದು. ದೇಶದ ಕಾಫಿಯಲ್ಲಿ ಮೂರನೇ ಒಂದು ಭಾಗದಷ್ಟು ಬೆಳೆಯುವ ಜಿಲ್ಲೆ ಇದು, ಬಂದವರು ಕಾಫಿ ಗಿಡವನ್ನೇ ಹತ್ತಿರದಿಂದ ನೋಡದೆ ಹೋಗಬಾರದು. ನಿಮ್ಮದೇ ತೋಟ ಇಲ್ಲದಿದ್ದರೆ ಪರಿಚಯದವರನ್ನು ಮೊದಲೇ ಕೇಳಿಕೊಳ್ಳಿ. ಕೊಯ್ಲಿನ ದಿನ ಅವರಿಗೆ ಕೆಲಸದ ಒತ್ತಡ ಇರುತ್ತದೆ, ಅರ್ಧ ಗಂಟೆ ನೋಡಿ ಬರುವುದು ಮರ್ಯಾದೆ. ಕೊಯ್ಯುವವರ ಫೋಟೋ ತೆಗೆಯುವ ಮೊದಲು ಅವರನ್ನೇ ಕೇಳಬೇಕು. ಕಣದಲ್ಲಿ ಹರಡಿದ ಕಾಫಿಯನ್ನು ತುಳಿಯಬಾರದು.

ಕಣದಲ್ಲಿ ಒಣಗುತ್ತಿರುವ ಚೆರಿಯನ್ನು, ಅಂದರೆ ಸಿಪ್ಪೆ ಸಹಿತ ಕಾಫಿ ಹಣ್ಣನ್ನು, ಒಂದು ಹಿಡಿ ತೆಗೆದು ಗೆಳೆಯರ ಕಿವಿಯ ಹತ್ತಿರ ಅಲ್ಲಾಡಿಸಿ. ನಿನ್ನೆ ಹರಡಿದ್ದಾದರೆ ಸದ್ದೇ ಇರುವುದಿಲ್ಲ. ಪೂರ್ತಿ ಒಣಗಿದ್ದರೆ ಸಿಪ್ಪೆಯೊಳಗೆ ಬೀಜ ಗಲಗಲ ಅನ್ನುತ್ತದೆ. ಗಿಡದಲ್ಲಿರುವ ಒಂದು ಕೆಂಪು ಹಣ್ಣನ್ನು ಮಾಲೀಕರನ್ನು ಕೇಳಿ ಕಿತ್ತು ಚೀಪಲು ಕೊಡಿ. ಕಾಫಿ ಹಣ್ಣು ಸಿಹಿ ಅಂತ ಅದನ್ನು ಕುಡಿಯುವವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಹೊರಡುವಾಗ

ಊಟ ಹನ್ನೆರಡೂವರೆಗೆ ಮುಗಿಯಲಿ, ಎರಡರೊಳಗೆ ಕಾರು ಹೊರಡಲಿ. ತಿರುವು, ಕಾಡು ಎಲ್ಲ ಹಗಲಲ್ಲೇ ದಾಟಿಬಿಡುತ್ತಾರೆ. ದಾರಿಯಲ್ಲಿ ಒಂದೇ ಒಂದು ಕಡೆ ನಿಲ್ಲಲು ಹೊತ್ತಿದೆ: ಕುಶಾಲನಗರದ ಹತ್ತಿರದ ಕಾವೇರಿ ನಿಸರ್ಗಧಾಮ, ಇಲ್ಲವೇ ಗಡಿ ದಾಟಿದ ಕೂಡಲೇ ಮೈಸೂರು ಜಿಲ್ಲೆಯ ಬೈಲಕುಪ್ಪೆಯ ಸ್ವರ್ಣಮಂದಿರ. ಎರಡೂ ತಗ್ಗಿನಲ್ಲಿವೆ, ನಮ್ಮಷ್ಟು ಗಾಳಿಯಿಲ್ಲ. ದುಬಾರೆಯಲ್ಲಿ ಆನೆಗಳ ಸ್ನಾನ ನೋಡುವುದಿದ್ದರೆ ಅದು ಬೆಳಗಿನ ಹೊತ್ತು ಮಾತ್ರ, ಭಾನುವಾರ ಮಧ್ಯಾಹ್ನ ಅಲ್ಲಿಗೆ ಕಳಿಸಬೇಡಿ. ಗೋಣಿಕೊಪ್ಪ–ತಿತಿಮತಿ ಕಡೆಯಿಂದ ಹೋಗುವವರು ಕತ್ತಲಾಗುವ ಮೊದಲೇ ಕಾಡು ದಾಟಲಿ, ಆನೆ ಕಂಡರೆ ಇಳಿಯುವುದು, ಫೋಟೋಗೆ ನಿಲ್ಲುವುದು ಬೇಡ.

ಕೈಗೆ ಕೊಡಲು ಕಿತ್ತಳೆ, ಒಂದು ಸಣ್ಣ ಬಾಟಲಿ ಕಾಚಂಪುಳಿ, ಕರಿಮೆಣಸು, ಕಾಫಿ ಪುಡಿ. ಕಾಚಂಪುಳಿಯ ಮುಚ್ಚಳದ ಮೇಲೆ ಟೇಪು ಸುತ್ತಿ ನೆಟ್ಟಗೆ ಇಡಿ, ಚೆಲ್ಲಿದರೆ ಕಪ್ಪು ಕಲೆ ಹೋಗುವುದಿಲ್ಲ. ಪುಡಿ ಮಾಡಿಸುವ ಮೊದಲು ಅವರ ಮನೆಯಲ್ಲಿ ಫಿಲ್ಟರ್ ಇದೆಯಾ, ಚಿಕೋರಿ ಬೇಕಾ ಅಂತ ಕೇಳಿಕೊಳ್ಳಿ. ಫಿಲ್ಟರಿಗೆ ತೀರಾ ನುಣುಪು ಬೇಡ, ನೀರು ಇಳಿಯುವುದೇ ಇಲ್ಲ. ಕಾಲು ಕಿಲೋಗಿಂತ ಜಾಸ್ತಿ ಪುಡಿ ಕೊಡಬೇಡಿ, ವಾಸನೆ ಹೋದ ಮೇಲೆ ಕುಡಿದರೆ ನಮ್ಮ ಕಾಫಿಗೇ ಕೆಟ್ಟ ಹೆಸರು. ಮುಗಿದರೆ ಫೋನ್ ಮಾಡಲಿ, ಬಸ್ಸಿನಲ್ಲಿ ಕಳಿಸಿಕೊಟ್ಟರಾಯಿತು.